ಯಂತ್ರದ ಬುದ್ಧಿ ಮತ್ತು ನಮ್ಮ ವೀಕ್ಷಣಾ ನಮೂನೆ

ಮನುಷ್ಯನಷ್ಟೇ ಬುದ್ಧಿಯುಳ್ಳ ಯಂತ್ರ ಎಂದು ಬರುತ್ತದೆ? ಈ ಪ್ರಶ್ನೆಗೆ ತಜ್ಞರ ಉತ್ತರ ಬದಲಾಗುತ್ತಲೇ ಬಂದಿದೆ. ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ 20 ವರ್ಷಗಳಲ್ಲಿ ಯಂತ್ರ ಮಾಡಬಲ್ಲದು ಎಂದು ಹರ್ಬರ್ಟ್ ಸೈಮನ್ 1965ರಲ್ಲೇ ಬರೆದರು, ಹಾಗಾಗಲಿಲ್ಲ. 2023ರಲ್ಲಿ 2,778 ಸಂಶೋಧಕರನ್ನು ಕೇಳಿದಾಗ, ಎಲ್ಲ ಕೆಲಸಗಳಲ್ಲೂ ಯಂತ್ರ ಮನುಷ್ಯನನ್ನು ಮೀರಿಸುವ ಸಾಧ್ಯತೆ 2047ರ ಹೊತ್ತಿಗೆ ಶೇ. 50 ಎಂಬ ಅಂದಾಜು ಬಂತು. ಅದರ ಹಿಂದಿನ ವರ್ಷದ ಸಮೀಕ್ಷೆ 2060 ಎಂದಿತ್ತು.

ಒಂದೇ ವರ್ಷದಲ್ಲಿ 13 ವರ್ಷ ಸರಿಯುವ ಅಂದಾಜನ್ನು ನಂಬಿ ಪಾಠ ಯೋಜಿಸಲಾಗದು. ಕಡೆಗಣಿಸಲೂ ಆಗದು: ನಾವು ಇಂದು ಪಾಠ ಮಾಡುವ ಎಂಟನೇ ತರಗತಿಯ ಮಕ್ಕಳಿಗೆ 2047ರಲ್ಲಿ ಮೂವತ್ತೈದರ ಆಸುಪಾಸಿನ ವಯಸ್ಸು.

ಪಾಠಯೋಜನೆಯನ್ನು ಚಾಟ್‌ಜಿಪಿಟಿ ಈಗಲೇ ಕೆಲವೇ ನಿಮಿಷಗಳಲ್ಲಿ ಬರೆದುಕೊಡುತ್ತದೆ. ಹಾಗಿರುವಾಗ ದಾಖಲೆ ಪುಸ್ತಕದ ಅಂದಕ್ಕೆ ಅಂಕ ಕೊಡುವುದು ಎಷ್ಟು ಸರಿ? “ಭಾರವಾದದ್ದೇ ಮೊದಲು ಬೀಳುತ್ತೆ ಸರ್” ಎಂದು ವಿದ್ಯಾರ್ಥಿ ಹೇಳುತ್ತಾನೆ. ಪ್ರಶಿಕ್ಷಣಾರ್ಥಿ ‘ತಪ್ಪು, ಕೂತ್ಕೋ’ ಎನ್ನುತ್ತಾರೋ, ಕಾಗದವನ್ನು ಬಿಗಿಯಾಗಿ ಉಂಡೆಮಾಡಿ ಕಲ್ಲಿನ ಜೊತೆ ಬೀಳಿಸಿ ನೋಡಲು ಹೇಳುತ್ತಾರೋ? ಅಂಕ ಅದಕ್ಕಿರಲಿ.

ಹೇಳಿದ್ದನ್ನು ತಾನೇ ಪರೀಕ್ಷಿಸಿ ನೋಡುವ ಅಭ್ಯಾಸ, ಯಂತ್ರ ಬೇಗ ಬಂದರೂ ತಡವಾಗಿ ಬಂದರೂ ಮಗುವಿಗೆ ಬೇಕು. ನಮ್ಮ ಮಾರ್ಗದರ್ಶಕ ಉಪನ್ಯಾಸಕರಲ್ಲಿ ವಿನಂತಿ ಇಷ್ಟೆ: ಮುಂದಿನ ಬೋಧನಾಭ್ಯಾಸದೊಳಗೆ ವೀಕ್ಷಣಾ ನಮೂನೆಯಲ್ಲಿ ಇದಕ್ಕೊಂದು ಕಾಲಂ ಸೇರಿಸಿ. ಅದಕ್ಕಾಗಿ ಯಾರ ಭವಿಷ್ಯವಾಣಿಗೂ ಕಾಯಬೇಕಿಲ್ಲ.