ತೋಟದ ಮನೆಯ ಲೋ ವೋಲ್ಟೇಜಿಗೆ ಇನ್ವರ್ಟರ್ ಮದ್ದಲ್ಲ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಯವರು ಕರೆಂಟಿನ ತೊಂದರೆ ಹೇಳಿಕೊಂಡಾಗೆಲ್ಲ ಸಿಗುವ ಸಲಹೆ ‘ಇನ್ವರ್ಟರ್ ಹಾಕಿಸಿಕೊಳ್ಳಿ’ ಎಂಬುದು. ಕರೆಂಟು ಹೋಗುವುದು ಬೇರೆ, ಬಂದ ಕರೆಂಟಿಗೆ ಬಲವಿಲ್ಲದಿರುವುದು ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರೊಳಗಿನ ಮನೆಗಳಿಗೆ ಪ್ರತ್ಯೇಕ ಫೀಡರ್ ಬಂತು. ತೋಟಗಳ ನಡುವಿನ ಮನೆಗಳು ಬಹಳಷ್ಟು ಪಂಪ್‌ಸೆಟ್ ಲೈನಿನಲ್ಲೇ ಉಳಿದವು. ಒಂದೇ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹಲವು ಮೋಟಾರು, ಅಲ್ಲಿಂದ ದೂರಕ್ಕೆ ಎಳೆದ ತಂತಿ. ಕೊನೆಯ ಮನೆ ಮುಟ್ಟುವಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತದೆ. 230 ವೋಲ್ಟಿಗೆ ಶೇ 6ರಷ್ಟು ಏರಿಳಿತ ಎಂಬ ನಿಯಮದ ಪ್ರಕಾರ ಮನೆಗೆ 216ಕ್ಕಿಂತ ಕಡಿಮೆ ಬರಕೂಡದು.

ಅಂಗಡಿಯಲ್ಲಿ ವಿಎ ಎಷ್ಟು, ಬ್ಯಾಟರಿ ಎಷ್ಟು ಎಂದು ಮಾತ್ರ ಮಾತಾಗುತ್ತದೆ. ಒಳಬರುವ ವೋಲ್ಟೇಜಿನ ಮಿತಿಯನ್ನು ಯಾರೂ ಹೇಳುವುದಿಲ್ಲ, ನಮ್ಮ ಕಡೆಯವರು ಮೊದಲು ಕೇಳಬೇಕಾದದ್ದು ಅದನ್ನೇ. ಸಾಮಾನ್ಯವಾಗಿ ಯುಪಿಎಸ್ ಮೋಡಿನಲ್ಲಿಟ್ಟರೆ ಲೈನು 180 ವೋಲ್ಟಿಗಿಂತ ಇಳಿದೊಡನೆ ಇನ್ವರ್ಟರು ಬ್ಯಾಟರಿಗೆ ತಿರುಗುತ್ತದೆ. ಕಂಬದಲ್ಲಿ ಕರೆಂಟಿದ್ದೂ ಮನೆ ಬ್ಯಾಟರಿಯ ಮೇಲೆ ನಡೆಯುತ್ತದೆ. ಇನ್ನೊಂದು ಮೋಡಿನಲ್ಲಿಟ್ಟರೆ ಅದೇ ಸೊರಗಿದ ಕರೆಂಟು ನೇರ ಫ್ರಿಜ್ಜಿಗೆ ಹೋಗುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಲೆಕ್ಕಕ್ಕೆ 1800 ವಾಟ್-ಅವರ್. ನಷ್ಟ ಕಳೆದರೆ ಎರಡು ಫ್ಯಾನು, ಕೆಲವು ದೀಪಗಳಿಗೆ, ಅಂದರೆ 200 ವಾಟಿಗೆ, ಸುಮಾರು ಆರು ಗಂಟೆ. ಮಿಕ್ಸಿ, ಫ್ರಿಜ್ಜು ಸೇರಿದರೆ ಎರಡು ಬ್ಯಾಟರಿಯ 24 ವೋಲ್ಟಿನದೇ ಮೇಲು: 700 ವಾಟಿಗೆ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿನಷ್ಟು ಎಳೆಯಬೇಕು, 24ರಲ್ಲಿ ಅದರರ್ಧ ಸಾಕು. ಆದರೆ ಬ್ಯಾಟರಿ ಮತ್ತೆ ತುಂಬಲು ತಾಸುಗಟ್ಟಲೆ ಒಳ್ಳೆಯ ವೋಲ್ಟೇಜು ಬೇಕಲ್ಲ! ದಿನವೂ ಅರೆಹೊಟ್ಟೆಯಲ್ಲಿ ಉಳಿಯುವ ಬ್ಯಾಟರಿಯ ಸೀಸದ ತಟ್ಟೆಗಳಲ್ಲಿ ಸಲ್ಫೇಟು ಗಟ್ಟಿಯಾಗಿ, ಕೊಬ್ಬರಿ ಮಾರಿದ ಹಣ ವಾಯಿದೆಗೆ ಮುಂಚೆಯೇ ಹೋಗುತ್ತದೆ.

ಸ್ಟೆಬಿಲೈಜರ್ ಇದೆಯಲ್ಲ ಎನ್ನುವವರಿದ್ದಾರೆ. ಅದು ವೋಲ್ಟೇಜನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಅದೇ ತಂತಿಯಿಂದ ಹೆಚ್ಚು ಆಂಪಿಯರ್ ಎಳೆದು ಏರಿಸುತ್ತದೆ, ಆಗ ಮುಂದಿನ ಮನೆಯ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ಹಣವಿದ್ದವರು ಬಚಾವಾಗಲು ಹೊರಟಷ್ಟೂ ಇಲ್ಲದವರ ಪಾಡು ಹದಗೆಡುತ್ತದೆ. ರೈತರೇ ಸಿಂಗಲ್ ಫೇಸಿನಲ್ಲಿ ಕೆಪಾಸಿಟರ್ ಹಾಕಿ ಮೋಟಾರು ಓಡಿಸಿ ಲೈನು ಕೆಡಿಸುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ, ಅದು ನಿಲ್ಲಬೇಕು. ಆದರೆ ಬೋರ್‌ವೆಲ್ ಆಳಕ್ಕಿಳಿದಂತೆ ಮೋಟಾರಿನ ಎಚ್‌ಪಿ ಏರಿದೆ. ಬೇಸಿಗೆಯಲ್ಲಿ ತೆಂಗಿಗೆ ನೀರು ಬಿಡದಿದ್ದರೆ ಹರಳು ಉದುರುತ್ತದೆ. ಹೊರೆ ಏರಿದ್ದು ಗೊತ್ತಿದ್ದೂ ಟಿಸಿಯನ್ನು ಹಾಗೇ ಬಿಟ್ಟರೆ, ಮೋಟಾರೇ ಇಲ್ಲದ ಮನೆಯವರಿಗೂ ದಂಡ ವಿಧಿಸಿದಂತಾಗುತ್ತದೆ. ಟಿಸಿ ಹೆಚ್ಚಿಸಲು ಹಣವೆಲ್ಲಿ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಮನೆಮನೆಯೂ ಬ್ಯಾಟರಿಗೆ, ಸುಟ್ಟ ಮೋಟಾರಿನ ವೈಂಡಿಂಗಿಗೆ ಸುರಿಯುತ್ತಿರುವ ಹಣ ಈಗಾಗಲೇ ಜನರ ಜೇಬಿನಿಂದಲೇ ಹೋಗುತ್ತಿದೆ.

ಪ್ರತಿ ಟಿಸಿಯ ಕೊನೆಯ ಮನೆಯಲ್ಲಿ, ಮೋಟಾರುಗಳು ಓಡುವ ಹೊತ್ತಿನಲ್ಲೇ, ಬೆಸ್ಕಾಂನವರು ವೋಲ್ಟೇಜು ಅಳೆದು ಅಂಕಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. 216 ಮುಟ್ಟದ ಕಡೆ ಮುಂದಿನ ಬೇಸಿಗೆಗೆ ಮುನ್ನ ಹೆಚ್ಚುವರಿ ಟಿಸಿ ಕೂರಿಸಲಿ.

— ಒಬ್ಬ ಓದುಗ, ಚಿಕ್ಕನಾಯಕನಹಳ್ಳಿ ತಾಲ್ಲೂಕು