ಕೊಲೆಗೆ ಕಾಲಮಿತಿಯುಂಟೇ?

ಚಿತೆಯಾರಿದ ಮೇಲೆ ಬೂದಿಯನ್ನು ಕೆದಕುವುದೇಕೆಂಬ ಮಾತು ಈಚೆಗೆ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತಿದೆ. 1995ರಿಂದ 2014ರ ವರೆಗೆ ಧರ್ಮಸ್ಥಳದಲ್ಲಿ ಅನೇಕ ಹೆಣಗಳನ್ನು ಹೂತೆನೆಂದು ಒಬ್ಬನು ದೂರಿತ್ತುದರಿಂದ, 2025ನೆಯ ಜುಲೈಯಲ್ಲಿ ಸರಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. ಆಗಸ್ಟ್ 23ರಂದು ಆ ದಳವೇ ದೂರುದಾರನನ್ನು ಸುಳ್ಳುಸಾಕ್ಷ್ಯದ ಆರೋಪದ ಮೇಲೆ ಬಂಧಿಸಿತು. ಅಂದಿನಿಂದ ಈ ಮಾತಿಗೆ ಬಲವೇರಿದೆ. ನಮ್ಮ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರೂ ಇದನ್ನೇ ಆಡುವರು. ಈ ವಾದವನ್ನು ನಾವು ಒಪ್ಪಲಾರೆವು.

ಒಬ್ಬನ ಮಾತು ಸಂದೇಹಾಸ್ಪದವಾದರೆ ಆ ಮಾತು ಬೀಳಬೇಕೇ ಹೊರತು ಪ್ರಶ್ನೆಯು ಬೀಳಬಾರದು. ಆ ಶೋಧನೆಯಲ್ಲಿಯೇ ಕೆಲವೆಡೆ ಮಾನವಾಸ್ಥಿಗಳು ದೊರೆತುವು. ಬಹುಕಾಲದಿಂದ ಕಾಣೆಯಾಗಿದ್ದವರೊಬ್ಬರ ಗುರುತಿನ ಚೀಟಿಯೂ ದೊರೆಯಿತು. ಅದು ಕೊಲೆಯೋ ಅಲ್ಲವೋ, ಬೇರೆ ವಿಚಾರ. ದಾರಿ ನೋಡುತ್ತಿದ್ದ ಮನೆಯವರಿಗೆ ಅದು ಅಲ್ಪವಲ್ಲ.

ಶಾಸ್ತ್ರವೇನೆನ್ನುತ್ತದೆ? ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾವ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನೋ, ಆ ಸ್ಮೃತಿಯು ಕೊಂದವನಾರೆಂದು ತಿಳಿಯದಿದ್ದಾಗಿನ ವಿಧಿಯನ್ನೂ ಹೇಳಿದೆ. ಹತನಿಗೆ ಯಾರೊಡನೆ ಕಲಹವಿತ್ತೆಂದು ಮಕ್ಕಳನ್ನೂ ಬಂಧುಗಳನ್ನೂ ಬೇಗನೆ ಕೇಳಬೇಕು. ಯಾರ ಸಂಗಡ ಹೋದನೆಂದು ವಿಚಾರಿಸಬೇಕು. ಸತ್ತ ಸ್ಥಳದ ನೆರೆಯವರನ್ನು ಮೆಲ್ಲನೆ ಪ್ರಶ್ನಿಸಬೇಕು. ಬೇಗನೆ ಎಂಬುದನ್ನೇ ಹಿಡಿದು, ತಡವಾದ ವಿಚಾರಣೆಯು ನಿಷ್ಫಲವೆಂದು ಪ್ರತಿಪಕ್ಷದವರು ಹೇಳಬಹುದು. ಆದರೆ ಅದು ಆಲಸ್ಯಕ್ಕೆ ಕೊಟ್ಟ ಎಚ್ಚರಿಕೆಯೇ ಹೊರತು, ತಡವಾಯಿತೆಂದು ಬಿಡುವುದಕ್ಕೆ ಅನುಜ್ಞೆಯಲ್ಲ. ಇಂದಿನ ಕಾನೂನಿನಲ್ಲಿಯೂ ಮೂರು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿಯುಂಟು, ಕೊಲೆಗಿಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸಬಹುದು. ಅದರಿಂದ ಆಸ್ತಿಯ ವ್ಯವಹಾರವು ತೀರೀತು. ಹೇಗೆ ಸತ್ತನೆಂಬ ಪ್ರಶ್ನೆಯು ತೀರದು.

ಇಂದಿನ ಕೊಲೆಗಳಿಗೇ ಪೋಲೀಸರು ಸಾಲರೆಂಬ ಆಕ್ಷೇಪವು ನಿಜವಾದುದು. ಊರೂರನ್ನು ಅಗೆಯಿರೆಂದು ನಾವು ಹೇಳುವುದಿಲ್ಲ, ಕಾಗದಗಳನ್ನು ಕಳೆಯಬೇಡಿರೆನ್ನುತ್ತೇವೆ. ಬೆಳ್ತಂಗಡಿ ಠಾಣೆಯ 2000ದಿಂದ 2015ರ ವರೆಗಿನ ಅಸ್ವಾಭಾವಿಕ ಮರಣಗಳ ದಾಖಲೆಗಳನ್ನು ನಾಶಪಡಿಸಲಾಗಿದೆಯೆಂದು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಂದುದನ್ನು ಪತ್ರಿಕೆಗಳು ಪ್ರಕಟಿಸಿದುವು. ಕೊಲೆಗೆ ಅವಧಿಯಿಲ್ಲ, ಕೊಲೆಯನ್ನು ತೋರಿಸಬಲ್ಲ ಕಡತಕ್ಕೆ ಮಾತ್ರ ಅವಧಿಯುಂಟು! ಇದೆಂತಹ ನ್ಯಾಯ? ಎಲುಬಿನ ಚೂರಿನಿಂದಲೂ ರಕ್ತಸಂಬಂಧವನ್ನು ಡಿ.ಎನ್.ಎ. ಪರೀಕ್ಷೆಯು ತಿಳಿಸಬಲ್ಲ ಈ ಕಾಲದಲ್ಲಿ, ಕಾಣೆಯಾದವರ ದೂರನ್ನೂ ಗುರುತು ಸಿಗದ ಹೆಣದ ವಿವರವನ್ನೂ ಕಾಪಾಡಿ ಹೋಲಿಸಿ ನೋಡುವುದು ಅಸಾಧ್ಯವಾದ ಕಾರ್ಯವೇನಲ್ಲ.

ನಮ್ಮ ಜಿಲ್ಲೆಯ ಠಾಣೆಗಳಲ್ಲಿ ಇಂಥ ಕಡತಗಳು ಎಷ್ಟಿವೆ, ಎಲ್ಲಿವೆಯೆಂದು ವಾಚಕರು ತಮ್ಮ ತಮ್ಮ ಶಾಸಕರನ್ನು ಕೇಳಲಿ. ಉತ್ತರ ಬರುವ ವರೆಗೆ ಕೇಳುತ್ತಿರಲಿ.