ಮೈಕ್ ಮುಚ್ಚಿಕೊಂಡು ಆಡುವ ಹುಡುಗಿ

"ಅದು ಬರೀ ಆಟ, ನಿಜ ಅಲ್ಲವಲ್ಲ" ಎಂಬ ಮಾತನ್ನು ಈಚೆಗೆ ನಮ್ಮ ಮನೆಗಳಲ್ಲಿ ಹಿರಿಯರು ಎರಡು ಹೊತ್ತಿನಲ್ಲಿ ಆಡುತ್ತಾರೆ. ಮಗು ಆಟದಲ್ಲಿ ಗೆದ್ದು ಕುಣಿದಾಗ ಒಮ್ಮೆ; ಆಟದಲ್ಲಿ ಯಾರೋ ನೋಯಿಸಿದರೆಂದು ಮುಖ ಸಣ್ಣದು ಮಾಡಿಕೊಂಡು ಕುಳಿತಾಗ ಇನ್ನೊಮ್ಮೆ. ತಲೆಗೆ ಕಟ್ಟಿಕೊಂಡು ಆಡುವ ಹೊಸ ಬಗೆಯ ಆಟಗಳ ಮಟ್ಟಿಗೆ ಈ ಮಾತು ಎರಡೂ ಕಡೆ ಸುಳ್ಳು. 61ನೆಯ ವಯಸ್ಸಿನಲ್ಲಿ ಮೊಮ್ಮಗಳಿಂದ ಕಲಿತು, ಒಂದು ತಿಂಗಳು ಆಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಯಂತ್ರವನ್ನು ಕಾಣದ ಬಂಧುಗಳಿಗೆ ಮೊದಲು ಅದರ ವಿವರ ಹೇಳಬೇಕು. ಇದಕ್ಕೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಎನ್ನುತ್ತಾರೆ. ನಮ್ಮ ಮನೆಯಲ್ಲಿರುವುದು ನನ್ನ ಮಗ ಅಮೆರಿಕದಿಂದ ಬರುವಾಗ ತಂದ ಕ್ವೆಸ್ಟ್ 2. ತೂಕ 503 ಗ್ರಾಂ. ಅರ್ಧ ಕಿಲೋ ಬೆಲ್ಲವನ್ನು ಹಣೆಗೆ ಕಟ್ಟಿಕೊಂಡಂತಾಗುತ್ತದೆ. ಎರಡು ಕಣ್ಣಿಗೂ ತುಸು ಬೇರೆಬೇರೆ ಚಿತ್ರ ತೋರಿಸುವುದರಿಂದ ಎದುರಿನ ಮರ ಹತ್ತಿರ, ಗುಡ್ಡ ದೂರ ಎಂದು ಕಣ್ಣು ನಂಬುತ್ತದೆ. ತಲೆ ತಿರುಗಿಸಿದರೆ ಆ ಲೋಕವೇ ತಿರುಗುತ್ತದೆ. ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳೇ ಅಲ್ಲಿ ನಮ್ಮ ಕೈ. ಆಡುವ ಮೊದಲು ನೆಲದ ಮೇಲೆ ಗಡಿಯೊಂದನ್ನು ಗೀಚಿಕೊಳ್ಳಬೇಕು. ಅದನ್ನು ದಾಟಹೊರಟರೆ ಕಣ್ಣೆದುರು ಜಾಲರಿಯ ಗೋಡೆ ಏಳುತ್ತದೆ. ನನ್ನ ಮೊಮ್ಮಗಳು ಟೀಪಾಯಿ ಸರಿಸಿ, ಚಾಪೆ ಸುತ್ತಿಟ್ಟು, ಕೊನೆಗೆ ಫ್ಯಾನ್ ಆರಿಸಿದಳು. ಫ್ಯಾನ್ ಏಕೆಂದು ಬಿಲ್ಲು ಎತ್ತಿದಾಗ ತಿಳಿಯಿತು. ನಮ್ಮದು ಹಳೆಯ ಮನೆ, ತೊಲೆ ತಗ್ಗು.

ಹಲವರು ಒಂದೇ ಕಲ್ಪಿತ ಊರಿನಲ್ಲಿ ಪಾತ್ರ ತೊಟ್ಟು ಆಡುವುದೇನೂ ಹೊಸತಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಅಕ್ಷರ. ಹೊಡೆ ಎಂದು ಟೈಪ್ ಮಾಡಿದರೆ ಹೊಡೆದಂತೆ. ಆಮೇಲೆ ಚಿತ್ರ ಬಂತು, ಮೌಸ್ ಬಂತು. ಈಗ ತೋಳನ್ನೇ ಬೀಸಬೇಕು. ನಾನು ಹೊಕ್ಕ ಆಟದ ಹೆಸರು ಆರ್ಬಸ್‌ವಿಆರ್. 2017ರಲ್ಲಿ ಮೊದಲು ಬಂದು, 2019ರಲ್ಲಿ 'ರೀಬಾರ್ನ್' ಎಂದು ಹೊಸದಾಗಿ ಕಟ್ಟಿದ ಆಟ.

ಮೊದಲ ದಿನ ಹದಿನೈದು ನಿಮಿಷಕ್ಕೆ ಹೊಟ್ಟೆ ತೊಳಸಿತು. ಕಣ್ಣು 'ನಡೆಯುತ್ತಿದ್ದೀ' ಎನ್ನುತ್ತದೆ, ಒಳಗಿವಿ 'ನಿಂತಿದ್ದೀ' ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಘಾಟಿ ಹತ್ತುವ ಬಸ್ಸಿನಲ್ಲಿ ಪುಸ್ತಕ ಓದಿದರೆ ಆಗುವುದರ ತಿರುವುಮುರುವು ಇದು. ಇಂಥ ಆಟಗಳಲ್ಲಿ ಅದಕ್ಕೆ ಉಪಾಯಗಳಿವೆ: ಒಮ್ಮೆಲೇ ಇಷ್ಟಿಷ್ಟೇ ಕೋನ ತಿರುಗುವುದು, ನಡೆಯುವಾಗ ನೋಟದ ಅಂಚುಗಳು ಕಪ್ಪಾಗುವುದು. ಒಂದು ವಾರದಲ್ಲಿ ನನ್ನ ಮೈ ಒಗ್ಗಿತು. ಒಗ್ಗದವರೂ ಇರುತ್ತಾರೆ, ಅವರನ್ನು ಒತ್ತಾಯಿಸಬಾರದು.

ಆ ಆಟದಲ್ಲಿ ಪಾತ್ರ ಆರಿಸಿಕೊಳ್ಳುವುದೆಂದರೆ ಒಂದು ಕೈಕೆಲಸ ಆರಿಸಿಕೊಂಡಂತೆ. ಖಡ್ಗ ಗುರಾಣಿಯವರಿದ್ದಾರೆ, ಬಿಲ್ಲಿನವರಿದ್ದಾರೆ, ಕೋವಿಯವರಿದ್ದಾರೆ. ಬಿಲ್ಲಾದರೆ ಎಡಗೈ ಚಾಚಿ ಹಿಡಿದು, ಬಲಗೈಯಿಂದ ಹೆದೆಯನ್ನು ಹಿಂದೆ ಎಳೆದು, ಗುರಿ ನೋಡಿ ಬಿಡಬೇಕು. ಅರ್ಧ ತಾಸು ಆಡಿದ ರಾತ್ರಿ ಭುಜ ಹಿಡಿದುಕೊಂಡಿತ್ತು, ಅಮೃತಾಂಜನ ಹಚ್ಚಿ ಮಲಗಿದೆ. ಆಮೇಲೆ ಮಂತ್ರವಾದಿಯ ಪಾತ್ರ ತೊಟ್ಟೆ. 32 ವರ್ಷ ಹೈಸ್ಕೂಲಿನಲ್ಲಿ ಮಾಟಮಂತ್ರ ಸುಳ್ಳೆಂದು ಪಾಠ ಹೇಳಿದವಳು ಮಂತ್ರದಂಡ ಹಿಡಿದದ್ದು ಕಂಡು ಮೊಮ್ಮಗಳು ನೆಲಕ್ಕೆ ಕುಳಿತು ನಕ್ಕಳು. ಆದರೆ ಅಲ್ಲಿ ಮಂತ್ರವೆಂದರೆ ಬಾಯಿಪಾಠ ಅಲ್ಲ, ಗುಂಡಿ ಒತ್ತುವುದೂ ಅಲ್ಲ. ದಂಡದ ತುದಿಯಿಂದ ಗಾಳಿಯಲ್ಲಿ ಒಂದು ಚಿಹ್ನೆ ಬರೆಯಬೇಕು. ಗೆರೆ ಹದ ತಪ್ಪಿದರೆ ಏನೂ ಹತ್ತುವುದಿಲ್ಲ. ಎದುರಿಗೆ ಮೃಗ ನುಗ್ಗಿ ಬರುತ್ತಿರುವಾಗ ಕೈ ನಡುಗದಂತೆ ಬರೆಯುವುದೇ ವಿದ್ಯೆ. ದಿನಾ ನಸುಕಿನಲ್ಲಿ ಅಂಗಳಕ್ಕೆ ರಂಗೋಲಿ ಎಳೆದ ಕೈ, ಕರಿಹಲಗೆಯ ಮೇಲೆ ಬರೆದ ಕೈ ಇದು. ಮೂರನೆಯ ದಿನಕ್ಕೆ ನನ್ನ ಬೆಂಕಿಯುಂಡೆ ಮೊಮ್ಮಗಳದಕ್ಕಿಂತ ಬೇಗ ಹಾರುತ್ತಿತ್ತು. ಗೆದ್ದ ಖುಷಿ ಬರೀ ಆಟದ್ದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಕಲಿತದ್ದು ನನ್ನ ಮಣಿಕಟ್ಟು.

2022ರ ಜನವರಿಯಲ್ಲಿ ಬಂದ ಜೆನಿತ್ ಎಂಬ ಇನ್ನೊಂದು ಆಟದಲ್ಲಿ ಗೋಡೆ, ಬಂಡೆ ಯಾವುದನ್ನಾದರೂ ಒಂದೊಂದೇ ಕೈ ಊರಿ ಹತ್ತಬಹುದಿತ್ತು, ತುದಿಯಿಂದ ಹಾರಿ ಎರಡೂ ತೋಳು ಚಾಚಿದರೆ ಹದ್ದಿನ ಹಾಗೆ ತೇಲಬಹುದಿತ್ತು. ಮನೆಯ ನೆಲದ ಮೇಲೇ ನಿಂತಿದ್ದೇನೆಂದು ಬುದ್ಧಿಗೆ ಗೊತ್ತಿತ್ತು; ಮೊಣಕಾಲಿಗೆ ಗೊತ್ತಿರಲಿಲ್ಲ.

ಇನ್ನು ಅಲ್ಲಿಯ ಜನ. ಆರ್ಬಸ್‌ನ ಹೈಸ್ಟೆಪ್ ಎಂಬ ಪೇಟೆಯಲ್ಲಿ ದಿಕ್ಕು ತೋಚದೆ ನಿಂತಿದ್ದಾಗ ಯಾವ ದೇಶದವನೋ ಒಬ್ಬ ಹತ್ತಿರ ಬಂದು, ನಿಧಾನವಾದ ಇಂಗ್ಲಿಷಿನಲ್ಲಿ ದಾರಿ ಹೇಳಿ, ನಾನು ಎಡವಿದಲ್ಲೆಲ್ಲ ನಿಂತು ಕಾದ. ಯಂತ್ರ ಅಳೆಯುವುದು ನಮ್ಮ ತಲೆ ಮತ್ತು ಎರಡು ಕೈಗಳ ಚಲನೆಯನ್ನಷ್ಟೇ. ಉಳಿದ ಮೈಯೆಲ್ಲ ಊಹೆಯ ಚಿತ್ರ. ಆದರೂ ಆ ಮೂರರಲ್ಲೇ ಎದುರಿನವನು ತಾಳ್ಮೆಯವನೋ ಅವಸರದವನೋ ಗೊತ್ತಾಗಿಬಿಡುತ್ತದೆ. ಬೀಳ್ಕೊಡುವಾಗ ರೂಢಿಯಂತೆ ಎರಡೂ ಕೈ ಜೋಡಿಸಿ 'ಶರಣು' ಎಂದೆ. ಆತ ಒಂದು ಗಳಿಗೆ ನೋಡಿ, ತಾನೂ ಕೈ ಜೋಡಿಸಿದ. ನನ್ನ ಊರು, ಮನೆತನ ಯಾವುದನ್ನೂ ಆತ ಕೇಳಲಿಲ್ಲ. ನಮ್ಮ ಬಸ್ಸುಗಳಲ್ಲಿ ಪಕ್ಕದಲ್ಲಿ ಕುಳಿತವರು ಮೂರನೆಯ ಪ್ರಶ್ನೆಗೇ ಅಡ್ಡಹೆಸರು ಕೇಳಿರುತ್ತಾರೆ.

ಇಷ್ಟಕ್ಕೇ ಅದನ್ನು ಸಮಾನತೆಯ ಊರು ಎಂದು ಕೊಂಡಾಡುವವರಿದ್ದಾರೆ. ಆ ಯಂತ್ರದ ಬೆಲೆ, ಇಂಗ್ಲಿಷ್ ಬರಬೇಕೆಂಬ ಕಟ್ಟು, ಇವೆರಡೇ ಅವರ ಬಾಯಿ ಮುಚ್ಚಿಸಲು ಸಾಕು. ಅದಕ್ಕಿಂತ ದೊಡ್ಡದು ಧ್ವನಿ. ಮುಖ ಮುಚ್ಚಬಹುದು, ಹೆಸರು ಬದಲಿಸಬಹುದು, ಗಂಡು ಹೆಣ್ಣಿನ ರೂಪ ತೊಡಬಹುದು. ಆದರೆ ಮೈಕ್ ತೆರೆದು ಒಂದು ಮಾತಾಡಿದರೆ ಆಡುವವರು ಹೆಣ್ಣೋ ಗಂಡೋ, ಮಗುವೋ ದೊಡ್ಡವರೋ, ಯಾವ ಸೀಮೆಯವರೋ ಸುತ್ತಲಿನವರಿಗೆಲ್ಲ ತಿಳಿಯುತ್ತದೆ.

ನನ್ನ ಮೊಮ್ಮಗಳಿಗೆ 13 ವರ್ಷ, ಎಂಟನೆಯ ತರಗತಿ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದವಳು. ಆ ಲೋಕದಲ್ಲಿ ಅವಳು ಮಾತೇ ಆಡುವುದಿಲ್ಲ. ಮೈಕ್ ಯಾವಾಗಲೂ ಬಂದ್. ತಲೆ ಆಡಿಸುತ್ತಾಳೆ, ಕೈ ಬೀಸುತ್ತಾಳೆ, ಹೆಬ್ಬೆರಳು ಎತ್ತುತ್ತಾಳೆ. ಗುಹೆಗೆ ನಾಲ್ಕೈದು ಜನ ಕೂಡಿ ಇಳಿಯುವಾಗ ಒಬ್ಬರು ಮುಂದೆ ನಿಂತು ಏಟು ತಡೆಯಬೇಕು, ಒಬ್ಬರು ಗಾಯ ಮಾಯಿಸಬೇಕು, ಯಾರಾದರೂ ಕೂಗಿ ಹೇಳಿ ನಡೆಸಬೇಕು. ಆ ಗುಹೆಯ ಮೂಲೆಮೂಲೆ ಅವಳಿಗೆ ಗೊತ್ತು. ನಡೆಸುವವನು ಮಾತ್ರ ನಿನ್ನೆ ಬಂದ ಹುಡುಗ, ಏಕೆಂದರೆ ಅವನು ಬಾಯಿ ತೆರೆಯುತ್ತಾನೆ. ಯಾಕವ್ವಾ ಹೀಗೆ ಎಂದು ಕೇಳಿದೆ. "ಆಯಿ, ಒಂದ ಸಲ ಮಾತಾಡಿದ್ರ ಆತು, ಹುಡುಗಿ ಬಂದಾಳ ಅಂತ ಎಲ್ಲಾರೂ ಮೈಮ್ಯಾಲೆ ಬರ್ತಾರ" ಎಂದಳು. ಆಗಿದ್ದು ಬೇರೊಂದು ಆಟದಲ್ಲಿ, ವರ್ಷದ ಹಿಂದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಆಟದ ಹೆಸರು ಇಲ್ಲಿ ಬೇಡ. ನಾನೇ ಒಂದು ಸಂಜೆ ಅದರೊಳಗೆ ಹೋಗಿ, ಮೈಕ್ ತೆರೆದು, ದಾರಿ ಕೇಳುವವಳಂತೆ ಮಾತಾಡಿದೆ. ಇಬ್ಬರು ಹರೆಯದ ಹುಡುಗರ ದನಿ ಹತ್ತಿರ ಬಂತು. ಮೊದಲು ವಯಸ್ಸು ಕೇಳಿದರು, ಆಮೇಲೆ ನನ್ನ ಉಚ್ಚಾರವನ್ನು ಅಣಕಿಸಿದರು. ಒಬ್ಬ ಮುಖಕ್ಕೆ ಮುಖ ತಂದು, ಕೈಯನ್ನು ನನ್ನ ಎದೆಯ ಕಡೆ ಚಾಚಿದ. ನಾನು ಥಟ್ಟನೆ ಹಿಂದೆ ಸರಿದೆ. ಬೆನ್ನು ನಮ್ಮ ಮನೆಯ ಕಬ್ಬಿಣದ ಬೀರುವಿಗೆ ಬಡಿಯಿತು. ಅಲ್ಲಿ ಸ್ಪರ್ಶವೆಂಬುದು ಇಲ್ಲ, ನನ್ನನ್ನು ಯಾರೂ ಮುಟ್ಟಲಿಲ್ಲ. ಆದರೆ ಬಿಲ್ಲು ಎಳೆದಾಗ ನೊಂದ ಭುಜ ಯಾವ ಮೈಯದೋ, ಹಿಂದೆ ಸರಿದದ್ದೂ ಅದೇ ಮೈ. ಗೆರೆ ಎಳೆದು ಗೆದ್ದ ಸಂತೋಷ ನಿಜವಾದರೆ ಇದೂ ನಿಜ. ಒಂದನ್ನು ಒಪ್ಪಿ ಇನ್ನೊಂದನ್ನು 'ಬರೀ ಆಟ' ಎಂದು ತಳ್ಳಿಹಾಕಲು ಬರುವುದಿಲ್ಲ.

ಇದು ಲೋಕಕ್ಕೆ ತಿಳಿಯದ್ದೇನಲ್ಲ. 2016ರಲ್ಲೇ ಅಮೆರಿಕದ ಮಹಿಳೆಯೊಬ್ಬರು ಕ್ವಿವರ್ ಎಂಬ ಬಿಲ್ಲಿನ ಆಟದಲ್ಲಿ ಇಂಥದೇ ಅನುಭವವಾದುದನ್ನು ಬರೆದರು. ಅವರ ಗಂಡ, ಮೈದುನ ಅದೇ ಕೋಣೆಯಲ್ಲಿ ಇದ್ದರು. ಆ ಆಟ ಕಟ್ಟಿದವರು 'ಬರೀ ಆಟ' ಎನ್ನಲಿಲ್ಲ. ಕೈಸನ್ನೆಯೊಂದನ್ನು ಮಾಡಿದರೆ ಹತ್ತಿರ ಬಂದವರು ಕಣ್ಮರೆಯಾಗುವ ಏರ್ಪಾಟನ್ನು ಆಟದೊಳಗೆ ಸೇರಿಸಿದರು. 2022ರ ಫೆಬ್ರವರಿಯಲ್ಲಿ ಮೆಟಾ ಕಂಪನಿ ತನ್ನ ಹೊರೈಜನ್ ವರ್ಲ್ಡ್ಸ್ ಲೋಕದಲ್ಲಿ ಒಬ್ಬರಿಂದೊಬ್ಬರಿಗೆ ಸುಮಾರು ನಾಲ್ಕು ಅಡಿ ಅಂತರವಿರುವಂತೆ ಗಡಿ ಹಾಕಿತು. ಕಟ್ಟುವವರೇ ಒಪ್ಪಿಕೊಂಡದ್ದನ್ನು ನಮ್ಮ ಮನೆಯ ಹಿರಿಯರು ಒಪ್ಪಲು ಏಕೆ ತಡ ಮಾಡಬೇಕು?

ವಿಷಯ ತಿಳಿದ ಕೂಡಲೇ ನನ್ನ ಅಳಿಯಂದಿರು "ಮೊದಲ ಅದನ್ನ ತಗದು ಅಟ್ಟದ ಮ್ಯಾಲೆ ಇಡ್ರಿ" ಎಂದರು. ಮಗಳ ಮೇಲಿನ ಅಕ್ಕರೆಯ ಮಾತೇ ಅದು. ನಾನು ಒಪ್ಪಲಿಲ್ಲ. ನಾವು ಹೈಸ್ಕೂಲು ಓದುವಾಗ ಮುಂದಿನ ಊರಿಗೆ ಏಳು ಹುಡುಗಿಯರು ಕೂಡಿ ನಡೆದು ಹೋಗುತ್ತಿದ್ದೆವು. ಹಾದಿಯಲ್ಲಿ ಹುಡುಗರು ಚುಡಾಯಿಸುತ್ತಾರೆಂದು ಮೂವರು ಮನೆಯಲ್ಲಿ ಹೇಳಿದರು. ಮೂವರ ಓದೂ ಅಲ್ಲಿಗೇ ನಿಂತಿತು. ಉಳಿದ ನಾವು ನಾಲ್ವರು ಅದನ್ನು ನೋಡಿ ಕಲಿತದ್ದು ಒಂದೇ, ಮನೆಯಲ್ಲಿ ಹೇಳಬಾರದು ಎಂಬುದು. ಚುಡಾಯಿಸಿದವರು ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೂ ಹೋದರು. ಹೆಡ್‌ಸೆಟ್ಟನ್ನು ಅಟ್ಟಕ್ಕೆ ಏರಿಸಿದರೆ ನನ್ನ ಮೊಮ್ಮಗಳೂ ಅದನ್ನೇ ಕಲಿಯುತ್ತಾಳೆ. ಮುಂದೆ ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ, ನೌಕರಿಯ ಜಾಗದಲ್ಲಿ ಏನಾದರೂ ಆದರೆ ಅವಳು ಯಾರಿಗೆ ಹೇಳಬೇಕು?

ಹೊತ್ತಿಗೆ ಮಿತಿ ಬೇಕೆಂಬವರ ಮಾತು ಸರಿಯೇ, ನಮ್ಮಲ್ಲಿ ದಿನಕ್ಕೆ ಮುಕ್ಕಾಲು ತಾಸು. ಆದರೆ ಮಿತಿ ಬೇರೆ, ಬಾಗಿಲು ಹಾಕುವುದು ಬೇರೆ. ಮಗು ಕಾಣುವುದನ್ನು ಟಿವಿಯ ಮೇಲೋ ಮೊಬೈಲಿನಲ್ಲೋ ಮನೆಯವರೂ ನೋಡುವ ಅನುಕೂಲ ಆ ಯಂತ್ರದಲ್ಲಿದೆ. ಕಾಟ ಕೊಡುವವನ ದನಿ ಅಡಗಿಸುವ, ಅವನನ್ನು ತಡೆಯುವ, ದೂರು ಕೊಡುವ ಗುಂಡಿಗಳಿವೆ. 13 ವರ್ಷದ ಕೆಳಗಿನವರಿಗೆ ಮೊದಲು ಪ್ರವೇಶವಿರಲಿಲ್ಲ. 2023ರಿಂದ 10 ತುಂಬಿದವರಿಗೂ ತಂದೆತಾಯಿ ನೋಡಿಕೊಳ್ಳುವ ಖಾತೆಯ ಮೂಲಕ ಅವಕಾಶ ಕೊಟ್ಟಿದ್ದಾರೆ. ಖಾತೆ ತೆರೆದುಕೊಟ್ಟು ಟಿವಿ ಧಾರಾವಾಹಿಯ ಕಡೆ ತಿರುಗಿ ಕೂಡುವ ತಂದೆತಾಯಿ ಅದನ್ನು ನೋಡಿಕೊಂಡಂತೆ ಆಗುವುದಿಲ್ಲ. ಹಿರಿಯರೊಬ್ಬರು ತಾವೇ ಒಮ್ಮೆ ಅದನ್ನು ತಲೆಗೆ ಹಾಕಿಕೊಂಡು, ಆ ಪೇಟೆಯಲ್ಲಿ ಹತ್ತು ನಿಮಿಷ ನಿಲ್ಲಬೇಕು.

ಇನ್ನೊಂದು ಮಾತು, ತುಸು ಕಹಿ. ನನ್ನ ಮೈಮೇಲೆ ಬಂದ ಆ ಎರಡು ದನಿಗಳ ಇಂಗ್ಲಿಷು ದೂರದೇಶದ್ದಲ್ಲ. ನಡುವೆ ಅವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ನಕ್ಕರು. ಯಾರದೋ ಮನೆಯಲ್ಲಿ, ಯಾವುದೋ ಕೋಣೆಯಲ್ಲಿ, ಅವ್ವ ಊಟಕ್ಕೆ ಕರೆಯುತ್ತಿರುವಾಗ ಹೆಡ್‌ಸೆಟ್ ಹಾಕಿಕೊಂಡು ನಿಂತಿದ್ದ ಮಕ್ಕಳು ಅವರು. ಹುಡುಗಿಯರಿಗೆ ಎಚ್ಚರಿಕೆ ಹೇಳುವ ನಮ್ಮ ಮನೆಗಳಲ್ಲಿ ಹುಡುಗರನ್ನು ಕೂರಿಸಿಕೊಂಡು 'ಅಲ್ಲಿ ನೀನು ಹೇಗೆ ಮಾತಾಡುತ್ತೀ, ಕೇಳಿಸು' ಎಂದವರು ಎಷ್ಟು ಮಂದಿ?

ಮಠಗಳಲ್ಲಿ ನಡೆಯುವ ಬೇಸಿಗೆ ಶಿಬಿರಗಳಲ್ಲಿ ಮೊಬೈಲಿನ ದುಷ್ಪರಿಣಾಮದ ಬಗ್ಗೆ ಒಂದು ಉಪನ್ಯಾಸ ಇರುತ್ತದೆ, ಮಕ್ಕಳು ಆಕಳಿಸುತ್ತ ಕೇಳುತ್ತಾರೆ. ಮುಂದಿನ ಸಲ ಅದರ ಬದಲು ಈ ಯಂತ್ರವನ್ನೇ ಸಭೆಯಲ್ಲಿಡಿ, ದೊಡ್ಡ ಪರದೆಗೆ ಜೋಡಿಸಿ. ಹುಡುಗರು ಹುಡುಗಿಯರನ್ನು ಕೂಡಿಯೇ ಕೂರಿಸಿ. ಒಬ್ಬ ಹುಡುಗಿ ಮೈಕ್ ತೆರೆದು ಗುಂಪನ್ನು ಗುಹೆಯೊಳಗೆ ನಡೆಸಲಿ, ಹುಡುಗರು ಅವಳು ಹೇಳಿದಂತೆ ಆಡಲಿ. ಕರೆದರೆ ಹೆಡ್‌ಸೆಟ್ ನಾನೇ ಹೊತ್ತು ತರುತ್ತೇನೆ, ಮೊಮ್ಮಗಳೂ ಬರುತ್ತೇನೆಂದಿದ್ದಾಳೆ. ಒಮ್ಮೆ ಚಾರ್ಜು ಮಾಡಿದರೆ ಎರಡು ತಾಸು ನಡೆಯುತ್ತದೆ. ಫ್ಯಾನ್ ಮಾತ್ರ ಎತ್ತರದಲ್ಲಿರಬೇಕು.